ಕಡಲ ಹದ್ದಿನ ಗೂಡು ನೋಡ್ತಾ ಚಿತ್ರ ಬರೆಯೋದು, ನನ್ನ ಅನುಭವ

ಹೊನ್ನಾವರ, ಮುರ್ಡೇಶ್ವರ ಮಧ್ಯೆ ಒಂದ್ಕಡೆ ಹಳೇ ಮಾವಿನ ಮರದ ತುದೀಲಿ ಬಿಳಿಹೊಟ್ಟೆ ಕಡಲ ಹದ್ದಿನ ಗೂಡಿದೆ. ಜಾಗ ಬೇಕಂತಲೇ ಹೇಳ್ತಿಲ್ಲ, ಲೊಕೇಶನ್ ಹೊರಗೆ ಬಂತು ಅಂದ್ರೆ ಕ್ಯಾಮೆರಾದವ್ರು ಮರದ ಬುಡಕ್ಕೇ ಬಂದು ನಿಲ್ತಾರೆ. ವರ್ಷಾ ವರ್ಷ ಅದೇ ಗೂಡಿಗೆ ಕಡ್ಡಿ ಸೇರಿಸಿ ಸೇರಿಸಿ ಈಗದು ಮರದ ಮೇಲೆ ಹುಲ್ಲಿನ ಬಣವೆ ಇಟ್ಟಂಗಿದೆ. ಮಳೆ ಮುಗಿದ್ಮೇಲೆ ರಿಪೇರಿ ಶುರು.

ನಾನು ಕೂರೋದು ದೂರದ ಗದ್ದೆ ಅಂಚಲ್ಲಿ, ಟ್ರೈಪಾಡ್ ಮೇಲೆ ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡೋ ದುರ್ಬೀನು) ಇಟ್ಕೊಂಡು. ಮೊಟ್ಟೆ ಸಾಮಾನ್ಯವಾಗಿ ಎರಡೇ, ಕಾವು ಸುಮಾರು ಆರು ವಾರ, ಅಷ್ಟರಲ್ಲಿ ಯಾರಾದ್ರೂ ಹತ್ರ ಹೋಗಿ ತಾಯಿ ಎದ್ದುಹೋದ್ರೆ ಕಾಗೆಗಳು ಬಿಡಲ್ಲ. ಸ್ಕೋಪ್ ತಗೊಳ್ಳೋದಾದ್ರೆ ಕಣ್ಣಿಡೋ ಭಾಗ ಓರೆಯಾಗಿರೋದೇ ತಗೊಳ್ಳಿ, ಕತ್ತು ಬಗ್ಗಿಸಿದ್ರೆ ಹಕ್ಕಿ, ಸ್ವಲ್ಪ ಕಣ್ಣು ಸರಿಸಿದ್ರೆ ಹಾಳೆ.

ಒಂದೇ ಹಾಳೇಲಿ ನಾಲ್ಕೈದು ಭಂಗಿ ಅರ್ಧರ್ಧ ಶುರು ಮಾಡ್ತೀನಿ. ಹದ್ದು ತಿರುಗ್ತು ಅಂದ್ರೆ ಅದನ್ನ ಅಲ್ಲಿಗೇ ಬಿಟ್ಟು ಇನ್ನೊಂದಕ್ಕೆ ಹೋಗೋದು, ಸ್ವಲ್ಪ ಹೊತ್ತಿಗೆ ಅದೇ ಭಂಗಿಗೆ ವಾಪಸ್ ಬಂದೇ ಬರತ್ತೆ, ಆಗ ಮುಂದುವರ್ಸೋದು. ಕಾಲಲ್ಲಿ ಕಡಲ ಹಾವು ನೇತಾಡಿಸ್ಕೊಂಡು ಬರೋದು ಮಾತ್ರ ಎರಡು ಗೆರೆಲೇ ಹಿಡೀಬೇಕು, ಟೈಮೇ ಕೊಡಲ್ಲ.

ಬಣ್ಣದ ವಿಷ್ಯಕ್ಕೆ ಬಂದ್ರೆ, ನಂದು ವಾಟರ್ ಕಲರ್, ಕಷ್ಟ ಹದ್ದಿನ ಆ ಬಿಳೀದೇ. ಬಿಸಿಲು ಬಿದ್ದಲ್ಲಿ ಹಾಳೆ ಹಾಗೇ ಬಿಡೋದು, ಸರಿ, ಆದ್ರೆ ನೆರಳಿನ ಕಡೆ ಬೆಳಿಗ್ಗೆ ನೀಲಿ ಇರತ್ತೆ, ಮಧ್ಯಾಹ್ನ ಎಲೆಗಳ ಹಸಿರು ಹೊಟ್ಟೆ ಮೇಲೆ ಕಾಣತ್ತೆ, ಬರೀ ಬೂದು ಬಳಿದ್ರೆ ಹಕ್ಕಿ ಪ್ಲಾಸ್ಟರ್ ಗೊಂಬೆ ಆಗೋಗತ್ತೆ. ಬೆನ್ನಿಗೆ ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಸೇರಿಸಿದ ಬೂದು, ರೆಕ್ಕೆ ಗರಿಗೆ ಅದನ್ನೇ ಗಟ್ಟಿಯಾಗಿ. ಟ್ಯೂಬಿನ ಕಪ್ಪು ನಾನು ಮುಟ್ಟಲ್ಲ. ನಮ್ಮ ಕರಾವಳಿ ಸೆಖೆಗೆ ವಾಶ್ (ನೀರು ಬೆರೆಸಿ ಬಳಿದ ತೆಳು ಬಣ್ಣ) ಒಣಗೋದೇ ಇಲ್ಲ, ಹಾಗಾಗಿ ಅಲ್ಲಿ ಪೆನ್ಸಿಲಲ್ಲಿ ಬಣ್ಣದ ನೋಟ್ಸ್ ಅಷ್ಟೇ, ಬಣ್ಣ ಹಾಕೋದು ಮನೇಲಿ ಫ್ಯಾನ್ ಕೆಳಗೆ, 300 ಜಿಎಸ್ಎಂ ದಪ್ಪ ಕಾಟನ್ ಪೇಪರ್ ಮೇಲೆ.

ಮರಿ ದೊಡ್ಡದಾದ್ಮೇಲೆ ಕಂದು, ಅಪ್ಪ ಅಮ್ಮನ ಬಣ್ಣ ಬರೋಕೆ ನಾಲ್ಕೈದು ವರ್ಷ ಬೇಕು, ನನಗಂತೂ ಆ ಕಂದೇ ಬರೆಯೋಕೆ ಇಷ್ಟ. ಇನ್ನು ಹಾರೋವಾಗಿಂದು ಬರೀತೀರಾದ್ರೆ ರೆಕ್ಕೆ ಚಪ್ಪಟೆ ಮಾಡ್ಬೇಡಿ, ತೇಲುವಾಗ ಇದು ರೆಕ್ಕೆ ಮೇಲಕ್ಕೆತ್ತಿ ಇಂಗ್ಲಿಷಿನ ವಿ ಥರ ಹಿಡೀತದೆ, ಬಾಲ ಗಿಡ್ಡ, ತುದಿ ಮೊನೆಯಾಗಿ.