ಹಳೇ ಅಮೆರಿಕನ್ ವಿಸ್ಕಿ ಕೊಳ್ಳುವ ಮುಂಚೆ ಹಸಿರು ಪಟ್ಟಿ ನೋಡಿ

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಆದರೂ ಡಾಕ್ಟರ್ ಚೀಟಿ ಬರೆದುಕೊಟ್ಟರೆ ಔಷಧಿ ಅಂಗಡಿಯಲ್ಲಿ ಪೈಂಟ್ (ಸುಮಾರು ಅರ್ಧ ಲೀಟರ್) ಬಾಟಲಿ ವಿಸ್ಕಿ ಸಿಗುತ್ತಿತ್ತು, ಮಜಾ ಅಲ್ವಾ? ಹುಡುಕಬೇಕಾದ್ದು ಅದನ್ನೇ.

ಚಂದದ ಲೇಬಲ್‌ಗೆ ಮರುಳಾಗಬೇಡಿ. ಬಿರಡೆಯ ಮೇಲಿಂದ ಅಂಟಿಸಿದ ಹಸಿರು ಕಾಗದದ ತೆರಿಗೆ ಪಟ್ಟಿ ನೋಡಿ, ಬಟ್ಟಿ ಇಳಿಸಿದ ವರ್ಷ, ಬಾಟಲಿಗೆ ತುಂಬಿದ ವರ್ಷ ಎರಡೂ ಅದರಲ್ಲೇ ಇರುತ್ತವೆ. 1916ರಲ್ಲಿ ಇಳಿಸಿ 1929ರಲ್ಲಿ ತುಂಬಿದ್ದು ಅಂದರೆ 13 ವರ್ಷ ಪೀಪಾಯಿಯಲ್ಲಿ ಕೂತ ಮಾಲು. ಪಟ್ಟಿ ಹರಿದು ಮತ್ತೆ ಅಂಟಿಸಿದ ಗುರುತಿದ್ದರೆ ಸುಮ್ನೆ ಬಿಟ್ಟುಬಿಡಿ.

ನಮ್ಮ ಮಂಗಳೂರಿನ ಆಟಿ ಮಳೆಗೆ ಕಾಗದಕ್ಕೆ ಬೂಷ್ಟು ಹಿಡಿಯೋದು ಜಾಸ್ತಿ. ನನ್ನದೊಂದು ಲೇಬಲ್ ಹಾಗೇ ಹೋಯ್ತು. ಕತ್ತಲೆ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬಾಟಲಿ ನೆಟ್ಟಗೇ ನಿಂತಿರಲಿ, ಮಲಗಿಸಿದರೆ ಬಿರಡೆ ಹಾಳಾಗುತ್ತದೆ.