ಇರಾನಿನ ಕಥೆ ಅರ್ಥವಾಗಬೇಕಾ? 1979ರಿಂದ ಶುರು ಮಾಡಬೇಡಿ

ಕುದುರೆಮುಖದ ಕಬ್ಬಿಣದ ಗಣಿ ಯಾರಿಗಾಗಿ ಶುರುವಾಯಿತು ಗೊತ್ತಾ? ಇರಾನಿಗಾಗಿ. 1975ರಲ್ಲಿ ಅಲ್ಲಿನ ಶಾ, ಅಂದರೆ ದೊರೆಯ, ಸರ್ಕಾರ ಭಾರತದ ಜೊತೆ ಒಪ್ಪಂದ ಮಾಡಿಕೊಂಡಿತು. ಸಾಲ ಅವರದೇ, ಅದಿರು ಕೊಳ್ಳುವವರೂ ಅವರೇ. 1976ರಲ್ಲಿ ಕಂಪನಿ ಹುಟ್ಟಿತು, ಬೆಟ್ಟ ಅಗೆಯುವ ಕೆಲಸ ಶುರುವಾಯಿತು, ಅದಿರಿನ ಪುಡಿಯನ್ನು ನೀರಲ್ಲಿ ಕಲಸಿ ಮಂಗಳೂರಿನ ಪಣಂಬೂರಿಗೆ ಹರಿಸುವ ಕೊಳವೆಯೂ ಬಂತು. ಅಷ್ಟರಲ್ಲಿ 1979ರ ಕ್ರಾಂತಿಯಿಂದ ಶಾ ದೇಶ ಬಿಟ್ಟಿದ್ದರು. ಇರಾನ್ ಹಿಂದೆ ಸರಿಯಿತು. ಉಳಿದದ್ದನ್ನು ನಮ್ಮ ಸರ್ಕಾರವೇ ಮುಗಿಸಬೇಕಾಯಿತು.

ತೆಹರಾನಿನ ಬೀದಿಗೆ ಇಳಿದ ಜನ ಚಿಕ್ಕಮಗಳೂರಿನ ಬೆಟ್ಟದ ಲೆಕ್ಕವನ್ನೂ ಬದಲಿಸಿದರು. ಅವರು ಯಾರು, ಯಾಕೆ ಬೀದಿಗೆ ಬಂದರು ಅಂತ ತಿಳಿಯಬೇಕಾದರೆ ಈ ದಾರಿಯಲ್ಲಿ ಓದಿ ನೋಡಿ.

ಹೆಜ್ಜೆ 1: ನಕಾಶೆ ಬಿಡಿಸಿಕೊಳ್ಳಿ

ನಾಲ್ಕು ಊರು ಗುರುತು ಮಾಡಿದರೆ ಸಾಕು. ಉತ್ತರ ಭಾಗದಲ್ಲಿ ರಾಜಧಾನಿ ತೆಹರಾನ್, ಅದರ ದಕ್ಷಿಣಕ್ಕೆ ಧರ್ಮಗುರುಗಳ ಊರು ಕೋಮ್. ವಾಯವ್ಯಕ್ಕೆ ತಬ್ರೀಜ್, ಅಲ್ಲಿ ಮನೆಮಾತು ಅಜೆರಿ. ನೈರುತ್ಯದ ತುದಿಯಲ್ಲಿ ಎಣ್ಣೆಯ ಊರು ಅಬಾದಾನ್. ಪಶ್ಚಿಮದಲ್ಲಿ ಕುರ್ದ್ ಜನಾಂಗದವರಿದ್ದಾರೆ. ಇರಾನಿಯರೆಲ್ಲ ಅರಬ್ಬರು ಅಂದುಕೊಂಡಿದ್ದರೆ ಅದನ್ನು ಇಲ್ಲೇ ಬಿಟ್ಟುಬಿಡಿ.

ಹೆಜ್ಜೆ 2: ಅವರ ತಾರೀಖು ಕಲಿಯಿರಿ

ಇರಾನಿಯರು ದೊಡ್ಡ ಘಟನೆಗಳನ್ನು ತಮ್ಮ ಪಂಚಾಂಗದ ದಿನದಿಂದಲೇ ಕರೆಯುತ್ತಾರೆ. ಅವರ ವರ್ಷ ಮಾರ್ಚ್ 21ರ ಆಸುಪಾಸು, ನೌರೋಜ್ ಹಬ್ಬದಿಂದ ಶುರು. ಅವರ ಇಸವಿಗೆ 621 ಕೂಡಿಸಿ. ಜನವರಿಯಿಂದ ನೌರೋಜ್ ತನಕದ ದಿನಗಳಿಗೆ 622. ಹಾಗಾಗಿ 1332ರ ಮೊರ್ದಾದ್ 28 ಅಂದರೆ 1953ರ ಆಗಸ್ಟ್ 19. 1357ರ ಬಹಮನ್ 22 ಅಂದರೆ 1979ರ ಫೆಬ್ರವರಿ 11. ಈ ಎರಡು ದಿನ ಬರೆದಿಟ್ಟುಕೊಳ್ಳಿ, ಮತ್ತೆ ಮತ್ತೆ ಎದುರಾಗುತ್ತವೆ.

ಹೆಜ್ಜೆ 3: ಬಜಾರಿನಿಂದ ಶುರು ಮಾಡಿ

ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಬಜಾರ್, ಬಂದ್, ಅದಾಲತ್ ಎಲ್ಲವೂ ಪಾರಸಿಯ ಕಡೆಯಿಂದ ನಮಗೆ ಬಂದ ಪದಗಳು, ಅಲ್ವಾ? ಇರಾನಿನ ರಾಜಕೀಯಕ್ಕೂ ಅವೇ ಬೀಗದ ಕೈ.

1890ರಲ್ಲಿ ನಾಸಿರುದ್ದೀನ್ ಶಾ ಇಡೀ ದೇಶದ ತಂಬಾಕಿನ ವ್ಯಾಪಾರವನ್ನು ಒಬ್ಬ ಇಂಗ್ಲಿಷಿನವನಿಗೆ ಬರೆದುಕೊಟ್ಟರು. ಬೆಳೆಯುವವರು, ಮಾರುವವರು, ಸೇದುವವರು ಎಲ್ಲರೂ ಕೆರಳಿದರು. ಅಂಗಡಿಗಳು ಬಾಗಿಲು ಹಾಕಿದವು. ತಂಬಾಕು ಮುಟ್ಟಬಾರದು ಅಂತ ಹಿರಿಯ ಧರ್ಮಗುರು ಮಿರ್ಜಾ ಶಿರಾಜಿ ಹೆಸರಿನಲ್ಲಿ ಫತ್ವಾ ಬಂತು. ಅರಮನೆಯ ಜನಾನಾದ ಹೆಂಗಸರೂ ಹುಕ್ಕಾ ಪಕ್ಕಕ್ಕಿಟ್ಟರು ಅಂತ ಹೇಳುತ್ತಾರೆ. 1892ರ ಶುರುವಿನಲ್ಲಿ ಶಾ ಆ ಒಪ್ಪಂದ ರದ್ದು ಮಾಡಲೇಬೇಕಾಯಿತು. ಒಟ್ಟಿಗೆ ನಿಂತರೆ ದೊರೆಯೂ ಬಗ್ಗುತ್ತಾನೆ ಅಂತ ಜನ ಕಣ್ಣಾರೆ ಕಂಡರು.

1905ರ ಡಿಸೆಂಬರಿನಲ್ಲಿ ಸಕ್ಕರೆ ಬೆಲೆ ಏರಿತು. ಇಳಿಸಲಿಲ್ಲ ಅಂತ ತೆಹರಾನಿನ ಗವರ್ನರ್ ವ್ಯಾಪಾರಿಗಳ ಅಂಗಾಲಿಗೆ ಹೊಡೆಸಿದ. ಬಜಾರ್ ಬಂದ್ ಆಯಿತು. ಆಗ ಜನ ಕೇಳಿದ್ದು 'ಅದಾಲತ್ ಖಾನೆ', ಅಂದರೆ ನ್ಯಾಯ ಸಿಗುವ ಒಂದು ಜಾಗ. ಮರುವರ್ಷ ಬೇಸಿಗೆಯಲ್ಲಿ 12,000ಕ್ಕೂ ಹೆಚ್ಚು ಜನ ಬ್ರಿಟಿಷ್ ರಾಯಭಾರ ಕಚೇರಿಯ ತೋಟದಲ್ಲಿ ಆಶ್ರಯ ಪಡೆದು ಕೂತರು, ದೊಡ್ಡ ದೊಡ್ಡ ಹಂಡೆಗಳಲ್ಲಿ ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ಸಂವಿಧಾನ ಅಂದರೇನು ಅನ್ನುವ ಮಾತುಕತೆ. ಆಗಸ್ಟಿನಲ್ಲಿ ಶಾ ಒಪ್ಪಿದರು. ಸಂಸತ್ತು ಬಂತು, 1906ರ ಕೊನೆಗೆ ಸಂವಿಧಾನಕ್ಕೆ ಸಹಿ ಬಿತ್ತು.

ನಮ್ಮಲ್ಲಿ ಗಾಂಧೀಜಿಯ ಚಳವಳಿ ಇನ್ನೂ ಶುರುವಾಗಿರಲಿಲ್ಲ, ನೆನಪಿರಲಿ. ಇರಾನಿಯರಿಗೆ ಪ್ರಜಾಪ್ರಭುತ್ವ ಹೊಸದು ಅಂತ ಯಾರಾದರೂ ಹೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಹೆಜ್ಜೆ 4: ಕಿತ್ತುಕೊಂಡವರು ಯಾರು ಅಂತ ಪ್ರತಿ ಸಲ ಕೇಳಿ

ತೋಟದಲ್ಲಿ ಜಾಗ ಕೊಟ್ಟ ಬ್ರಿಟನ್ನೇ 1907ರಲ್ಲಿ ರಷ್ಯಾ ಜೊತೆ ಕೂತು ಇರಾನನ್ನು ಪ್ರಭಾವದ ವಲಯಗಳಾಗಿ ಹಂಚಿಕೊಂಡಿತು. 1908ರಲ್ಲಿ ಹೊಸ ಶಾ ರಷ್ಯದ ಅಧಿಕಾರಿಗಳ ಕೈಕೆಳಗಿನ ಪಡೆಯಿಂದ ಸಂಸತ್ತಿನ ಮೇಲೆ ಫಿರಂಗಿ ಹಾರಿಸಿದರು. ಎದ್ದು ನಿಂತದ್ದು ತಬ್ರೀಜ್. ಸತ್ತಾರ್ ಖಾನ್, ಬಾಕಿರ್ ಖಾನ್ ಅನ್ನುವ ಇಬ್ಬರ ಜೊತೆ ಊರಿನ ಜನ ಮುತ್ತಿಗೆಯಲ್ಲಿ ಹಸಿದುಕೊಂಡೇ ಕಾದರು. 1909ರಲ್ಲಿ ಆ ಶಾ ಸಿಂಹಾಸನ ಬಿಡಬೇಕಾಯಿತು.

1908ರಲ್ಲೇ ಎಣ್ಣೆಯೂ ಸಿಕ್ಕಿತು. ಅದರ ಲಾಭದ ದೊಡ್ಡ ಪಾಲು ಬ್ರಿಟಿಷ್ ಕಂಪನಿಗೆ ಹೋಯಿತು. 1925ರಲ್ಲಿ ರೆಜಾ ಖಾನ್ ಎಂಬ ಸೇನಾಧಿಕಾರಿ ತಾನೇ ಶಾ ಆಗಿ ಪಹ್ಲವಿ ವಂಶ ಶುರು ಮಾಡಿದರು. ರೈಲು, ಶಾಲೆ, ವಿಶ್ವವಿದ್ಯಾಲಯ ಎಲ್ಲ ಬಂತು, ಎದುರು ಮಾತಾಡುವವರಿಗೆ ಜೈಲೂ ಬಂತು.

1951ರಲ್ಲಿ ಸಂಸತ್ತು ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿತು, ಮೊಹಮ್ಮದ್ ಮೊಸಾದೆಕ್ ಪ್ರಧಾನಿಯಾದರು. ಬ್ರಿಟನ್ ಇರಾನಿನ ಎಣ್ಣೆ ಮಾರಾಟವಾಗದಂತೆ ತಡೆದು ಹಿಂಡಿತು. ಕೊನೆಗೆ ಮೊರ್ದಾದ್ 28ರಂದು ಅಮೆರಿಕದ ಸಿಐಎ ಮತ್ತು ಬ್ರಿಟನ್ನಿನ ಗುಪ್ತಚರರು ಇರಾನಿನ ಸೇನಾಧಿಕಾರಿಗಳ ಜೊತೆ ಸೇರಿ ಮೊಸಾದೆಕ್ ಅವರನ್ನು ಉರುಳಿಸಿದರು. 2013ರಲ್ಲಿ ಹೊರಬಂದ ದಾಖಲೆಗಳಲ್ಲಿ ಸಿಐಎ ತನ್ನ ಕೈವಾಡ ಒಪ್ಪಿಕೊಂಡಿದೆ. ಮೊಸಾದೆಕ್ ಮೂರು ವರ್ಷ ಜೈಲಿನಲ್ಲಿದ್ದರು, ಆಮೇಲೆ ಸಾಯುವ ತನಕ ತಮ್ಮ ಹಳ್ಳಿಯ ಮನೆಯಲ್ಲೇ ಸೆರೆ. ಇರಾನಿಗೂ ಅಮೆರಿಕಕ್ಕೂ ಯಾಕೆ ಆಗಿಬರುವುದಿಲ್ಲ ಅನ್ನುವವರು ಬರೀ 1979ರಲ್ಲಿ ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯವರನ್ನು ಒತ್ತೆಯಾಳಾಗಿ ಹಿಡಿದ 444 ದಿನಗಳನ್ನು ನೋಡುತ್ತಾರೆ. ಇರಾನಿಯರು ಮೊರ್ದಾದ್ 28ರಿಂದ ಲೆಕ್ಕ ಹಾಕುತ್ತಾರೆ.

ಹೆಜ್ಜೆ 5: ಈಗ 1979ಕ್ಕೆ ಬನ್ನಿ

ಈ ಕ್ರಾಂತಿಯನ್ನು ಸುಮ್ನೆ 'ಮುಲ್ಲಾಗಳ ಕ್ರಾಂತಿ' ಅಂತ ಓದಬೇಡಿ. ಬೀದಿಯಲ್ಲಿ ವಿದ್ಯಾರ್ಥಿಗಳಿದ್ದರು, ಎಡಪಂಥದವರಿದ್ದರು, ಬಜಾರಿನವರಿದ್ದರು, ಮಸೀದಿಗಳ ಜಾಲವೂ ಇತ್ತು, ಮತ್ತು ರೆಜಾ ಶಾ ಮಗ ಮೊಹಮ್ಮದ್ ರೆಜಾ ಶಾನ ಗುಪ್ತ ಪೊಲೀಸ್ ಸವಾಕ್‌ಗೆ ಹೆದರಿ ಹೆದರಿ ಸಾಕಾಗಿದ್ದ ಮಾಮೂಲಿ ಜನರೂ ಇದ್ದರು. 1978ರ ಕೊನೆಗೆ ಎಣ್ಣೆ ಕಾರ್ಮಿಕರು ಕೆಲಸ ನಿಲ್ಲಿಸಿದರು. ಶಾನ ಬೆನ್ನೆಲುಬು ಮುರಿದದ್ದು ಅಲ್ಲೇ ಅಂತ ನನಗನಿಸುತ್ತದೆ. ಜನವರಿ 16ಕ್ಕೆ ಅವರು ಹೊರಟರು, ಫೆಬ್ರವರಿ 1ಕ್ಕೆ ದೇಶದ ಹೊರಗಿದ್ದ ಧರ್ಮಗುರು ಖೊಮೇನಿ ಬಂದಿಳಿದರು, ಬಹಮನ್ 22ಕ್ಕೆ ಕ್ರಾಂತಿ ಗೆದ್ದಿತು.

ಮಾರ್ಚ್ 8ರ ದಿನವನ್ನು ಮಾತ್ರ ಮರೆಯಬೇಡಿ. ಕೆಲಸದ ಜಾಗದಲ್ಲಿ ತಲೆ ಮುಚ್ಚಿಕೊಳ್ಳಬೇಕು ಅನ್ನುವ ಮಾತು ಬಂದ ಕೂಡಲೇ ತೆಹರಾನಿನ ಸಾವಿರಾರು ಹೆಂಗಸರು ಬೀದಿಗಿಳಿದರು. ಕ್ರಾಂತಿಗೆ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. 1936ರಲ್ಲಿ ರೆಜಾ ಶಾ ಪೊಲೀಸರು ಬಲವಂತವಾಗಿ ಹೆಂಗಸರ ಮೈಮುಚ್ಚುವ ಚಾದರ ಕಿತ್ತಿದ್ದರು, 1983ರಲ್ಲಿ ಹೊಸ ಸರ್ಕಾರ ಹಿಜಾಬನ್ನು ಕಾನೂನಿನಿಂದ ಕಡ್ಡಾಯ ಮಾಡಿತು. ಎರಡು ಸಲವೂ ಹೆಂಗಸರನ್ನು ಯಾರೂ ಕೇಳಲಿಲ್ಲ.

ಆಮೇಲೆ ಇರಾಕ್ ಜೊತೆ ಎಂಟು ವರ್ಷದ ಯುದ್ಧ. 1988ರಲ್ಲಿ ಜೈಲುಗಳಲ್ಲಿ ಸಾವಿರಾರು ರಾಜಕೀಯ ಕೈದಿಗಳಿಗೆ ಗಲ್ಲು. ತುಂಬಾ ಮನೆಗಳಿಗೆ ಹೆಣವನ್ನೂ ಕೊಡಲಿಲ್ಲ.

ಹೆಜ್ಜೆ 6: ಘೋಷಣೆಗಳನ್ನು ಓದಿ

ಇತ್ತೀಚಿನ ಕಾಲಕ್ಕೆ ಇದೇ ಸುಲಭದ ದಾರಿ. 2009ರ ಚುನಾವಣೆಯ ನಂತರ ಲಕ್ಷಾಂತರ ಜನ ಕೇಳಿದ್ದು ಒಂದೇ: 'ನನ್ನ ಮತ ಎಲ್ಲಿ?' 1906ರಲ್ಲಿ ಸಂಸತ್ತು ಕೇಳಿದವರ ಮೊಮ್ಮಕ್ಕಳ ಮಾತು ಅದು. 2022ರ ಸೆಪ್ಟೆಂಬರಿನಲ್ಲಿ ಪೊಲೀಸರ ವಶದಲ್ಲಿದ್ದ 22ರ ಕುರ್ದಿಶ್ ಹುಡುಗಿ ಮಾಹ್ಸಾ ಅಮೀನಿ ತೀರಿಕೊಂಡಾಗ ಎದ್ದ ಕೂಗು 'ಜನ್, ಜಿಂದಗಿ, ಆಜಾದಿ', ಹೆಣ್ಣು, ಬದುಕು, ಬಿಡುಗಡೆ. ಕುರ್ದರ ಘೋಷಣೆ ಪಾರಸಿಗೆ ಬಂದದ್ದು. ಜನಾನಾ ಅನ್ನುವ ಪದ ಹುಟ್ಟಿದ್ದೂ ಆ 'ಜನ್'ನಿಂದಲೇ.

ಇನ್ನು ಮುಂದೆ ಇರಾನಿನ ಸುದ್ದಿ ಬಂದರೆ ಕ್ಷಿಪಣಿ, ಅಣು ಒಪ್ಪಂದಗಳ ದೊಡ್ಡ ತಲೆಬರಹ ದಾಟಿ ಸ್ವಲ್ಪ ಕೆಳಗೆ ಹೋಗಿ. ತೆಹರಾನಿನ ಬಜಾರ್ ಬಾಗಿಲು ಹಾಕಿತು, ಎಣ್ಣೆ ಕಾರ್ಮಿಕರು ಕೆಲಸಕ್ಕೆ ಹೋಗಲಿಲ್ಲ ಅನ್ನುವ ಎರಡು ಸಾಲು ಎಲ್ಲಾದರೂ ಕಂಡರೆ ಮೊದಲು ಅದನ್ನು ಓದಿ.