ಪಿಸ್ತೂಲಿನ ಕಾಡತೂಸು ಮರುತುಂಬುವಾಗ ವಹಿಸಬೇಕಾದ ಎಚ್ಚರಿಕೆ

ಮನೆಯಲ್ಲಿ ಕಾಡತೂಸು ಮರುತುಂಬಲು, ಅಂದರೆ ಹಾರಿಸಿದ ಕಾಡತೂಸಿನ ಖಾಲಿ ಕೋಶಕ್ಕೆ (ಲೋಹದ ಹೊರಚಿಪ್ಪಿಗೆ) ಮತ್ತೆ ಸಿಡಿಮದ್ದು, ಗುಂಡು ಸೇರಿಸಲು, ಕಾನೂನಿನ ಅನುಮತಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಂಡ ಬಳಿಕವೇ ಉಪಕರಣಗಳನ್ನು ಕೊಳ್ಳಬೇಕು. ಮೊದಲ ಪಾಠವನ್ನು ಅನುಭವಿಯೊಬ್ಬರ ಪಕ್ಕದಲ್ಲಿ ಕುಳಿತು ಕಲಿಯುವುದೇ ಲೇಸು. ಮದ್ದಿನ ಪ್ರಮಾಣವನ್ನು ತಯಾರಕರ ಕೈಪಿಡಿಯಿಂದ ಮಾತ್ರ ತೆಗೆದುಕೊಂಡು, ಅಲ್ಲಿ ಸೂಚಿಸಿದ ಆರಂಭಿಕ ತೂಕದಿಂದಲೇ ಶುರುಮಾಡಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಒಂದೇ ಕೋಶಕ್ಕೆ ಎರಡು ಸಲ ಮದ್ದು ಬೀಳುವುದು. ಪಿಸ್ತೂಲಿನ ಮದ್ದು ಬೇಗ ಉರಿಯುವಂಥದ್ದು. ಅದರ ಅಳತೆಯೂ ಅಲ್ಪವಾದ್ದರಿಂದ ಎರಡು ಪಾಲು ಕೋಶದೊಳಗೆ ಅಡಗಿಬಿಡಬಹುದು, ಆ ಒತ್ತಡಕ್ಕೆ ಪಿಸ್ತೂಲೇ ಸಿಡಿಯಬಹುದು. ಮದ್ದೇ ಬೀಳದ ಕೋಶವಾದರೆ ಗುಂಡು ನಳಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ಆದ್ದರಿಂದ ಗುಂಡು ಕೂರಿಸುವ ಮುನ್ನ ಕೋಶಗಳನ್ನು ಸಾಲಾಗಿ ನಿಲ್ಲಿಸಿ, ಟಾರ್ಚ್ ಹಿಡಿದು, ಪ್ರತಿಯೊಂದರ ಮಟ್ಟವನ್ನೂ ಕಣ್ಣಾರೆ ನೋಡಬೇಕು.

ಮೇಜಿನ ಮೇಲೆ ಒಂದೇ ಬಗೆಯ ಮದ್ದಿರಲಿ, ಸುರಕ್ಷತಾ ಕನ್ನಡಕ ಧರಿಸಿರಿ, ಹತ್ತಿರ ಬೆಂಕಿ ಬೇಡ. ಸೀಸ ಮೆತ್ತಿದ ಕೈಗಳನ್ನು ಸೋಪಿನಿಂದ ತೊಳೆಯದೆ ಏನನ್ನೂ ತಿನ್ನಬಾರದು.